ನೀರಿನಡಿಯ ಪಾದರಸ

ನೆಲಕ್ಕೆ ಎಡಗೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ಬೆಂಚಿನಡಿಗೆ ಟಾರ್ಚ್ ಬಿಟ್ಟು ಮಲಗಿರುತ್ತಿದ್ದರು ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್. ಯಾರಾದರೂ ಥರ್ಮಾಮೀಟರ್ ಒಡೆದ ದಿನ ಪಾದರಸದ ಕೊನೆಯ ಮಣಿ ಸಿಗುವವರೆಗೆ ಏಳುತ್ತಿರಲಿಲ್ಲ. ಹಳೆಯ ಪೋಸ್ಟ್‌ಕಾರ್ಡಿನ ಅಂಚಿನಿಂದ ಮಣಿಗಳನ್ನು ಕೂಡಿಸಿ, ಗಾಜಿನ ಶೀಶೆಗೆ ಇಳಿಸಿ, ಮೇಲೆ ನೀರು ತುಂಬುತ್ತಿದ್ದರು.

"ನೀರಿನಡಿ ಇದ್ರೆ ಆವಿ ಏಳಾಕಿಲ್ಲ ಸಾ. ಮೂಗು ಬಿಡಿ ಇನ್ನ" ಎಂದು ನಗುತ್ತಿದ್ದರು. ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿರುತ್ತಿದ್ದವನು ನಾನು, ರಸಾಯನಶಾಸ್ತ್ರದ ಮೇಷ್ಟ್ರು.

ನಿವೃತ್ತಿಯ ದಿನ ಕೊರಳಿನ ಹಾರವನ್ನೂ ತೆಗೆಯದೆ ಲ್ಯಾಬಿಗೆ ಬಂದು ಆ ಶೀಶೆಯನ್ನು ನನ್ನ ಕೈಗಿತ್ತರು. "ಇದನ್ನ ಸಂಭಾಳಿಸೋಕೆ ಬರೋರಿಗೆ ಮಾತ್ರ ಕೊಡಿ. ಎಲ್ಲೂ ಚೆಲ್ಬ್ಯಾಡಿ."

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಕಪಾಟು ಬಿದ್ದರೆ? ಶೀಶೆ ಸೀಳು ಬಿಟ್ಟರೆ? ಇನ್ಸ್‌ಪೆಕ್ಷನ್‌ನವರು ಕೇಳಿದರೆ? ಒಂದು ಭಾನುವಾರ ಸ್ಕೂಟರಿನಲ್ಲಿ ಒಯ್ದು ಬಿಕ್ಕೋಡು ಕಡೆಯ ಒಂದು ಕೆರೆಗೆ ಸುರಿದುಬಂದೆ. ನೀರಿನಡಿ ಇದ್ದರೆ ಭಯವಿಲ್ಲ ಎಂದು ಅವರೇ ಹೇಳಿದ್ದರಲ್ಲ! ಕೆರೆಯಷ್ಟು ನೀರು ಯಾವ ಶೀಶೆಯಲ್ಲಿ ಹಿಡಿಯುತ್ತದೆ?

ಮುಂದೆಂದೋ ಪಾಠಕ್ಕಾಗಿ ಓದುವಾಗ ಗೊತ್ತಾಯಿತು: ಗಾಳಿಯಾಡದ ಕೆಸರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಹುಳದಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಹೆಚ್ಚುತ್ತ ಹೋಗಿ, ತಿಂದವರ ನರಗಳನ್ನು ಹಿಡಿಯುತ್ತದೆ.

ಅದಾದ ಕೆಲವೇ ದಿನಕ್ಕೆ ಅಟೆಂಡರ್ ಒಂದು ದೊಡ್ಡ ಮೀನು ಹಿಡಿದು ನಮ್ಮ ಮನೆಗೆ ಬಂದರು. "ಮಕ್ಕಳಿಗೆ ಮಾಡ್ಸಿ ಸಾ. ಈಗ ಗಾಳ ಹಾಕೋದೇ ನನ್ ಡ್ಯೂಟಿ." ಯಾವ ಕೆರೆಯೆಂದು ಕೇಳಿದೆ. ಅದೇ ಕೆರೆ.

ಅವರು ಹೋದ ಮೇಲೆ ಮೀನನ್ನು ಹಿತ್ತಿಲಲ್ಲಿ ಹೂಳಿದೆ. ವಾರವಾರವೂ ಅವರು ತಂದರು, ನಾನು ಹೂಳಿದೆ. ಅವರ ಮನೆಯ ಒಲೆಯ ಮೇಲೂ ಅದೇ ಮೀನು ಬೇಯುತ್ತಿದೆ ಎಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಒಂದು ಶೀಶೆಯಿಂದ ಅಷ್ಟು ದೊಡ್ಡ ಕೆರೆಗೆ ಏನಾದೀತು ಎಂದು ಲೆಕ್ಕ ಹಾಕಿ ಹಾಕಿ ಸಮಾಧಾನ ಹುಡುಕಿದೆ.

ಒಂದು ದಿನ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುವಾಗ ಅವರ ಕೈ ನಡುಗಿ ಲೋಟ ತುಳುಕಿತು. ವಯಸ್ಸಿಗೂ ನಡುಗುತ್ತದೆ. ಆದರೂ ತಡೆಯಲಾರದೆ, ಶೀಶೆಯನ್ನು ಕೆರೆಗೆ ಸುರಿದದ್ದನ್ನೂ ಅದು ಮೀನಿಗೆ ಸೇರುವುದನ್ನೂ ಹೇಳಿಬಿಟ್ಟೆ.

ಬೈಯುತ್ತಾರೆಂದು ಕಾದೆ. "ಹಂಗಾರೆ ನಾನ್ ತಂದ್ಕೊಟ್ಟಿದ್ದು? ಮಕ್ಕಳು ತಿಂದ್ವಾ ಸಾ?" ಎಂದರು.

ಹೂಳಿದೆ ಎಂದರೆ, ತಿಳಿದೂ ತಿಳಿದೂ ಅವರೊಬ್ಬರನ್ನೇ ತಿನ್ನಲು ಬಿಟ್ಟೆ ಎಂದಾಗುತ್ತಿತ್ತು. "ತಿಂದ್ವು" ಎಂದೆ.

"ಅಯ್ಯೋ, ನನ್ ಕೈಯಾರೆ ಕೊಟ್ನಲ್ಲಪ್ಪಾ!" ಎಂದು ಹಣೆ ಚಚ್ಚಿಕೊಂಡರು.

ಮರುದಿನದಿಂದ ಕೆರೆ ಏರಿಯ ಮೇಲೆ ನಿಂತು ಗಾಳದವರನ್ನೆಲ್ಲ ತಡೆದರು. "ಯಾಕಣ್ಣೋ, ನಿಂಗೆ ಬೀಳ್ಲಿಲ್ಲ ಅಂತ ನಮ್ಗೂ ಬ್ಯಾಡ್ವಾ?" ಎಂದು ಅವರು ಛೇಡಿಸಿದರೂ ಅಟೆಂಡರ್ ನನ್ನ ಹೆಸರು ಹೇಳಲಿಲ್ಲ.

ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಪಾದರಸಕ್ಕೂ ಇದಕ್ಕೂ ಸಂಬಂಧವೇನಾದರೂ ಇದೆಯೇ ಎಂದು ಡಾಕ್ಟರನ್ನು ಮೂರು ಸಲ ಕೇಳಿದೆ. ವಯಸ್ಸಾಗಿತ್ತು ಎಂದರು. ಬದುಕಿದ್ದಷ್ಟು ದಿನವೂ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಾಗಲೆಲ್ಲ ದನಿ ತಗ್ಗಿಸಿ ಕೇಳುತ್ತಿದ್ದರು: "ಮಕ್ಕಳು ಚೆಂದಾಗವ್ರಾ ಸಾ? ಕೈಗಿಯ್ಯಿ ನಡುಗಾದು ಏನೂ ಇಲ್ವಲ್ಲ?"

ಏನೂ ಇಲ್ಲ ಎಂದು ಅವರ ಕೈ ನೋಡುತ್ತಲೇ ಹೇಳುತ್ತಿದ್ದೆ. ಮೀನು ಹೂಳಿದ್ದನ್ನು ಮಾತ್ರ ಕೊನೆಗೂ ಹೇಳಲಿಲ್ಲ.