ದೋಣಿ ಹಲಗೆಯ ಮೂರು ಮೇಜು

ಇವತ್ತು ಮಧ್ಯಾಹ್ನ ಮೊದಲ ಮಳೆ ಬಿತ್ತು. ನೀವಿಬ್ಬರೂ ಅಂಗಳಕ್ಕೆ ಓಡಿದಿರಿ. ಮಣ್ಣಿನ ಪರಿಮಳ ಎಂದು ನಿಮ್ಮಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ನನ್ನ ಮೂಗಿಗೆ ಮಾತ್ರ ಬಂದದ್ದು ಮೀನೆಣ್ಣೆಯ ವಾಸನೆ. ಚಾವಡಿಯ ಮೂಲೆಯಲ್ಲಿರುವ ಆ ಮೂರು ಮೇಜುಗಳಿಂದ ಅದು ಎದ್ದುಬಂತು. ಬೇಸಿಗೆಯಿಡೀ ಸುಮ್ಮನಿರುತ್ತವೆ, ಗಾಳಿ ತಣ್ಣಗಾದದ್ದೇ ತಡ, ತಾವು ಹಿಂದೆ ದೋಣಿಯಾಗಿದ್ದುದು ಅವಕ್ಕೆ ನೆನಪಾಗುತ್ತದೆ.

ಅವುಗಳ ಮೇಲಿರುವ ಸಾಲು ತೂತುಗಳಿಗೆ ನೀವು ಪೆನ್ಸಿಲ್ ತುರುಕುತ್ತೀರಿ. ಯಾಕೆ ತೂತು ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆನೋ ಇಲ್ಲವೋ. ಎದುರು ಕೂತು ಮಾತಾಡುವುದೆಂದರೆ ನನಗೆ ಮೊದಲಿನಿಂದ ನಾಚಿಕೆ. ಬರೆಯುವುದಾದರೆ ಪರವಾಗಿಲ್ಲ, ಊರ ಶಾಲೆಯಲ್ಲಿ ಕಲಿತ ಅಕ್ಷರ ಅಷ್ಟಕ್ಕೆ ಸಾಕು. ತಪ್ಪಿದ್ದರೆ ನೀವು ತಿದ್ದಿಕೊಳ್ಳಿ.

ನಿಮ್ಮಜ್ಜನಿಗೆ ಒಂದು ದೋಣಿಯಿತ್ತು. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಮಾಡಿದ್ದು. ಆ ಹೊಲಿಗೆಯ ತೂತುಗಳೇ ಈಗ ನಿಮ್ಮ ಪೆನ್ಸಿಲ್ ಡಬ್ಬಿ. ಎಲ್ಲರೂ ಫೈಬರ್ ದೋಣಿ ತಂದ ಮೇಲೂ ಅವರು ಇದಕ್ಕೆ ವರ್ಷವರ್ಷ ಮೀನೆಣ್ಣೆ ಬಳಿಯುತ್ತಿದ್ದರು. ಕೊನೆಗೆ ಮೊಣಕಾಲು ಸೋತಿತು. ದೋಣಿಯನ್ನು ತೆಂಗಿನ ಬುಡದಲ್ಲಿ ಕವುಚಿ ಹಾಕಿದರು. ಅವತ್ತಿನಿಂದ ಅವರು ಸಮುದ್ರದ ಕಡೆ ಮುಖ ಮಾಡಿ ಕೂತದ್ದನ್ನು ನಾನು ಕಾಣಲಿಲ್ಲ. ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು ತ್ರಾಸಿಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು.

ಮೇಜಿನ ಹುಚ್ಚು ಹತ್ತಿದ್ದು ಬ್ರಹ್ಮಾವರದಲ್ಲಿ, ನಿಮ್ಮ ಅತ್ತೆಯ ಮನೆಯಲ್ಲಿ. ನಾವು ಹೋಗಿ ಕೂತ ಕೂಡಲೇ ಅವಳು ಒಂದು ಮೇಜಿನ ಹೊಟ್ಟೆಯೊಳಗಿಂದ ಇನ್ನೊಂದನ್ನು, ಅದರ ಹೊಟ್ಟೆಯಿಂದ ಮತ್ತೊಂದನ್ನು ಎಳೆದು ಎಲ್ಲರ ಮುಂದೆ ಚಾ ಇಟ್ಟಳು. ನನ್ನ ಮುಂದೆಯೂ ಒಂದು. ನಾನು ಲೋಟವನ್ನು ಕೈಯಲ್ಲೇ ಹಿಡಿದುಕೊಂಡೆ. ಅಷ್ಟು ಚಂದದ ಮೇಜಿನ ಮೇಲೆ ಇಟ್ಟರೆ ಕಲೆಯಾದೀತೆಂದು ಹೆದರಿಕೆ. ಬಸ್ಸಿನಲ್ಲಿ ಬರುವಾಗ ಕುಂದಾಪುರ ದಾಟುವವರೆಗೆ ನಿಮ್ಮಜ್ಜ ಮುಂದಿನ ಸೀಟಿನ ಬೆನ್ನನ್ನು ಗೇಣು ಹಾಕಿ ಅಳೆಯುತ್ತಿದ್ದರು. ಆಮೇಲೆ, "ಹೆಣೆ, ಅದನ್ನ್ ನಾನ್ ಮಾಡ್ತೆ" ಎಂದರು.

"ಎಂತದನ್ನ್?"

"ಮೇಜ್. ನಂಗೊಂದ್, ಬಂದೋರಿಗೊಂದ್, ನಿಂಗೊಂದ್."

"ನಂಗೆಂತಕೆ ಮಾರಾಯ್ರೆ? ನಾನ್ ಅಡ್ಗಿ ಮನ್ಯಗೆ ಕೂಕಂತೆ."

"ಅದ್ಕೇ ಮಾಡುದ್" ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಇಲ್ಲೊಂದು ಮಾತು ಹೇಳಬೇಕು. ಮದುವೆಯಾಗಿ ಬಂದಂದಿನಿಂದ ನಾನು ಉಂಡದ್ದು ಒಲೆಯ ಪಕ್ಕ, ನೆಲದ ಮೇಲೆ, ಎಲ್ಲರದ್ದೂ ಆದ ಮೇಲೆ. ಯಾರೂ ಒತ್ತಾಯ ಮಾಡಿದ್ದಲ್ಲ, ನಮ್ಮಲ್ಲಿ ಹಾಗೇ. ಅವರು ಉಣ್ಣುವುದನ್ನು ಬಾಗಿಲ ಸಂದಿಯಿಂದ, ಹಿಂದಿನಿಂದ ನೋಡುತ್ತಿದ್ದೆ. ಸಾರು ರುಚಿಯಾಗಿದ್ದರೆ ಅವರ ಕಿವಿಯ ಬುಡದ ದವಡೆ ಎಲುಬು ಜೋರಾಗಿ ಆಡುತ್ತಿತ್ತು. ಬೈಗೆ ಮೀನಿನ ಹುಳಿಖಾರದ ಪುಳಿಮುಂಚಿಗೆ ಅದು ಹೇಗೆ ಆಡುತ್ತದೆಂದು ಈಗಲೂ ಹೇಳಬಲ್ಲೆ. ಮುಖ ಹೇಗಿರುತ್ತಿತ್ತೋ ಗೊತ್ತಿಲ್ಲ.

ದೋಣಿಯನ್ನು ಕೊಯ್ಯುವ ದಿನ ಅವರು ಗಂಜಿ ಮುಟ್ಟಲಿಲ್ಲ. ಕೊಯ್ದಾದ ಮೇಲೆ ಮಾತ್ರ ಬೇರೆಯೇ ಮನುಷ್ಯರಾದರು. ಬೇಸಿಗೆಯಿಡೀ ಅಂಗಳದಲ್ಲಿ ಉಳಿ, ಕೀಸುಳಿ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೆಲದಿಂದ ಮೊಣಕೈಯವರೆಗೆ ತೆಂಗಿನ ಕಡ್ಡಿಯಲ್ಲಿ ಅಳತೆ ತೆಗೆದರು. ನಾನು ಸೆರಗು ಹೊದ್ದು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದೆ. "ಉಸ್ರ್ ಬಿಡೆ, ಅಳ್ತಿ ತಪ್ಪತ್ತ್" ಎಂದು ನಕ್ಕರು. ರವಕೆ ಬಿಟ್ಟರೆ ನನ್ನ ಅಳತೆಗೆಂದು ಯಾರಾದರೂ ಏನಾದರೂ ಮಾಡಿದ್ದು ಅದೊಂದೇ.

ಮೂರೂ ಮೇಜು ಸಿದ್ಧವಾದಾಗ ಒಂದರೊಳಗೊಂದು ಎಷ್ಟು ಬಿಗಿಯಾಗಿ ಕೂರುತ್ತಿದ್ದವೆಂದರೆ ನಡುವೆ ಒಂದು ಹಲಸಿನ ಎಲೆಯೂ ತೂರುತ್ತಿರಲಿಲ್ಲ. ನನಗೆ ಯಾಕೋ ಸಮಾಧಾನವಾಗಲಿಲ್ಲ.

"ಚೂರ್ ಸಂದ್ ಬಿಡುಕಾಗ್ದಾ?" ಎಂದೆ.

"ಸಂದ್ ಬಿಟ್ರೆ ಮುಳ್ಗತ್ತ್. ಹಲ್ಗಿ ನೀರ್ ಕುಡ್ದ್ ಬಿಗಿ ಆಯ್ಕ್."

"ಇದ್ರಗೆ ಗಂಗೊಳ್ಳಿ ಬಂದ್ರಿಗೆ ಹೋಪುಕಿತ್ತಾ?"

ಅವರು ಜೋರಾಗಿ ನಕ್ಕರು. ನನಗೂ ನಗು ಬಂತು. ದೋಣಿಗೆ ಬೇಕಾದದ್ದು ಮೇಜಿಗೆ ಬೇಡ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹಲಗೆ ಉಬ್ಬುವುದು ಒಳ್ಳೆಯದು ಎಂದೇ ಬದುಕಿದ ಮನೆ ನಮ್ಮದು.

ಬಣ್ಣ ಒಣಗಲೆಂದು ಮೂರನ್ನೂ ಅಂಗಳದಲ್ಲಿ ಇಟ್ಟಿದ್ದೆವು. ಮರುದಿನ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಚಾ ಕುಡಿಯುವುದೆಂದು ಮಾತಾಗಿತ್ತು. ಬೇಲಿಯಾಚೆಯವರು ನೋಡಿದರೆ ಏನೆಂದುಕೊಂಡಾರು ಎಂಬ ಯೋಚನೆಯನ್ನೂ ನಾನು ಬಿಟ್ಟಾಗಿತ್ತು. ಒಳ್ಳೆಯ ಸೀರೆಯೊಂದನ್ನು ತೆಗೆದಿಟ್ಟೂ ಆಗಿತ್ತು, ನಗಬೇಡಿ. ಅವತ್ತೇ ಸಂಜೆ ಮೋಡ ಕವಿದು ಮಳೆ ಸುರಿಯಿತು. ಅವರು ಅವಸರದಲ್ಲಿ ಮೂರನ್ನೂ ಒಂದರೊಳಗೊಂದು ತಳ್ಳಿ, ಒಟ್ಟಿಗೇ ಎತ್ತಿ ಒಳಗೆ ತಂದರು. ಬೆಳಿಗ್ಗೆ ಎಳೆದರೆ ನಡುವಿನದ್ದೂ ಬರಲಿಲ್ಲ, ಎಲ್ಲಕ್ಕೂ ಒಳಗಿನ ನನ್ನದೂ ಬರಲಿಲ್ಲ. ಉಪ್ಪು ಕುಡಿದ ಹಲಗೆ ರಾತ್ರಿಯಿಡೀ ಗಾಳಿಯ ನೀರನ್ನು ಕುಡಿದು, ಅವರು ಹೇಳಿದ ಹಾಗೆಯೇ ಬಿಗಿಯಾಗಿತ್ತು.

ಸಾಬೂನು, ಮೇಣ, ತೆಂಗಿನೆಣ್ಣೆ, ಎಲ್ಲವೂ ಆಯಿತು. ಚಾ ನಾನು ಒಲೆಯ ಪಕ್ಕದಲ್ಲೇ ಕುಡಿದೆ.

ಆ ಮಳೆಗಾಲದಲ್ಲೇ ಅವರಿಗೆ ಉಸಿರಾಟದ ತೊಂದರೆ ಶುರುವಾದದ್ದು. ಕುಂದಾಪುರದ ಡಾಕ್ಟರು ನೋಡಿ, ಎದೆಯಲ್ಲಿ ನೀರು ತುಂಬಿದೆ ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಮಂಚವನ್ನು ಚಾವಡಿಯಲ್ಲೇ ಹಾಕಿದೆವು. ಎದುರಿಗೇ ಮೇಜುಗಳು. ಅವರ ಕಣ್ಣು ಅಲ್ಲೇ ಇರುವುದನ್ನು ನೋಡಲಾರದೆ ಒಂದು ದಿನ ನಿಮ್ಮಪ್ಪ ಗರಗಸ ತಂದ.

"ಅಪ್ಪಯ್ಯ, ಮೇಲಿನ್ ಮೇಜ್ ಕೊಯ್ದ್ ತೆಗಿತೆ."

"ಬ್ಯಾಡ ಮಗಾ. ಒಂದ್ಸಲ ಕೊಯ್ದಾಯ್ತ್. ಬಿಸ್ಲ್ ಬರ್ಲಿ, ಅದೇ ಬತ್ತ್."

ಅವರಿಗೆ ಎದುರಾಡಿದವಳಲ್ಲ ನಾನು. ಅವತ್ತು ಮಗನೆದುರೇ ಹೇಳಿದೆ: "ಕೊಯ್ಸಿ. ನಂಗ್ ಈಗ್ಳೇ ಮೇಜಿನೆದ್ರ್ ಕೂಕಣ್ಕ್."

ಅವರು ನನ್ನ ಕಡೆ ತಿರುಗಿದರು. "ಇಷ್ಟ್ ವರ್ಷ ಕಾದ್ಯಲೆ, ಇನ್ನೊಂಚೂರ್ ಕಾಯಿ" ಎಂದರು. ಬಿಸಿಲು ಬರುತ್ತದೆಂದು ಅವರಿಗೆ ನಂಬಿಕೆಯಿತ್ತು. ನನಗೆ ಇರಲಿಲ್ಲ. ಆದರೂ ಗರಗಸ ಕೊಟ್ಟಿಗೆಗೆ ಹೋಯಿತು.

ಗಂಜಿ ಕುಡಿಸುವಾಗ ಅವರ ಮುಖವನ್ನು ಹತ್ತಿರದಿಂದ ನೋಡಿದೆ. ಅದು ಊಟ ಮಾಡುವವರ ಮುಖವಾಗಿರಲಿಲ್ಲ. ಚೌತಿಯ ಹೊತ್ತಿನ ಸೋಣೆ ತಿಂಗಳ ಮಳೆ ಬಿಡುವ ಮೊದಲೇ ಅವರು ಹೋದರು.

ಚಳಿ ಕಳೆದು ಬಿಸಿಲು ಬಲಿತ ಮೇಲೆ ಒಂದು ದಿನ ನಾನು ಚಾವಡಿ ಗುಡಿಸುತ್ತಿದ್ದೆ. ಹಿಡಿಸೂಡಿ ತಾಗಿತು, ಅಷ್ಟೇ. ನನ್ನ ಮೇಜು ತಾನಾಗಿ ಜಾರಿ ಮುಂದೆ ಬಂತು. ಅವರು ಹೇಳಿದ್ದು ಸುಳ್ಳಾಗಲಿಲ್ಲ. ಸುಳ್ಳಾಗಿದ್ದರೆ ಚೆನ್ನಾಗಿತ್ತು. ನಾನು ಹಿಡಿಸೂಡಿಯನ್ನು ಅಲ್ಲೇ ಹಾಕಿ ಆ ಮರಕ್ಕೆ ಬೈದೆ. ಏನೆಂದು ಬೈದೆ ಎಂಬುದನ್ನು ಮಕ್ಕಳಿಗೆ ಬರೆಯುವುದು ಬೇಡ. ಆಮೇಲೆ ಚಾ ಮಾಡಿ ತಂದು, ಕುರ್ಚಿಯಲ್ಲಿ ಕೂತು, ಮೇಜಿನ ಮೇಲಿಟ್ಟೆ. ಮೊಣಕೈಗೆ ಸರಿಯಾದ ಎತ್ತರ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಎದುರಿನ ಕುರ್ಚಿಯನ್ನು ನೋಡುತ್ತಾ ಕೂತೆ, ಚಾ ಆರಿಹೋಯಿತು.

ಆಮೇಲಿನ ಪ್ರತಿ ಬೇಸಿಗೆಯಲ್ಲೂ ಹೊರಗೆ ತೆಗೆದೆ. ಅಭ್ಯಾಸವಾದೀತು ಎಂದುಕೊಂಡೆ. ಆಗಲಿಲ್ಲ. ಮಳೆ ಬಂದರೆ ಸಿಕ್ಕಿಕೊಳ್ಳುತ್ತದೆ, ಒಳಗೆ ತಳ್ಳಬೇಡಿ ಎಂದು ನಿಮಗೂ ಹೇಳಿಟ್ಟಿದ್ದೆ.

ಇವತ್ತು ನೀವು ಅಂಗಳದಿಂದ ಒದ್ದೆಯಾಗಿ ಬರುವಾಗ ನಾನು ನಿಮ್ಮ ಪೆನ್ಸಿಲುಗಳನ್ನೆಲ್ಲ ತೂತುಗಳಿಂದ ಕಿತ್ತು, ಮೊಣಕಾಲೂರಿ, ಎರಡೂ ಕೈಯಲ್ಲಿ ನನ್ನ ಮೇಜನ್ನು ಒಳಗೆ ತಳ್ಳುತ್ತಿದ್ದೆ.

"ಅಜ್ಜಿ, ಸಿಕ್ಕಂತ್ತ್ ಅಂದೇಳಿ ನೀನೇ ಹೇಳದ್ದಲ್ದಾ?" ಎಂದಳು ಸಣ್ಣವಳು.

"ಸಿಕ್ಕಣ್ಲಿ" ಎಂದೆ.

ಈಗ ಮಳೆ ಜೋರಾಗಿದೆ, ವಾಸನೆಯೂ ಜೋರಾಗಿದೆ. ಒಂದು ಸಲ ಎಳೆದು ನೋಡಿದೆ, ಅಲುಗಲಿಲ್ಲ. ಬಿಸಿಲು ಬಂದಾಗ ಅದು ತಾನಾಗಿ ಹೊರಗೆ ಬಂದರೆ ನನ್ನನ್ನು ಕರೆಯಬೇಡಿ, ಮತ್ತೆ ಒಳಗೆ ತಳ್ಳಿಬಿಡಿ. ನಾನು ಒಲೆಯ ಪಕ್ಕ ಉಣ್ಣುತ್ತೇನೆ. ಅಲ್ಲಿಂದ ಬಾಗಿಲ ಸಂದಿಯಲ್ಲಿ ಅವರು ಉಣ್ಣುತ್ತಿದ್ದ ಜಾಗ ಕಾಣುತ್ತದೆ.