ಮನ್ನೂಬಿಯಾಳ ಆಮೆಗೆ ಮಾಳಿಗೆಯ ಬಿಸಿಲು

ನಮ್ಮ ಚಾವಣಿಯ ಮೇಲೆ ದಿನಾ ಬೆಳಿಗ್ಗೆ ಕರ್ ಕರ್ ಎಂದು ಕೆರೆಯುವ ಸದ್ದು. ಮೇಲಿನ ಮನೆಯ ಮನ್ನೂಬಿಯಾಳ ಆಮೆ ಅಂಬ್ರಾ ನುಣುಪು ನೆಲದಲ್ಲಿ ಜಾರುತ್ತ ಓಡಾಡುವ ಸದ್ದು ಅದು. ಪೊರಕೆ ಹಿಡಿಯಿಂದ ಚಾವಣಿ ಕುಟ್ಟಿ ನಾನು ಬೈದದ್ದೂ ಉಂಟು. ಡಿಸೆಂಬರಿನಲ್ಲಿ ಸದ್ದು ನಿಂತಿತು. ಪೀಡೆ ತೊಲಗಿತು ಎಂದುಕೊಂಡೆ. ನಾಲ್ಕನೆಯ ದಿನ ಮನಸ್ಸು ತಡೆಯದೆ ಮೆಟ್ಟಿಲು ಹತ್ತಿದೆ.

ಮನ್ನೂಬಿಯಾ ಟ್ಯೂನಿಸ್‌ನ ಹಳೇಪೇಟೆಯ ಹಮ್ಮಾಮಿನಲ್ಲಿ, ಅಂದರೆ ಊರವರ ಬಿಸಿನೀರಿನ ಸ್ನಾನದ ಮನೆಯಲ್ಲಿ, ಮೂವತ್ತೆಂಟು ವರ್ಷ ಹೆಂಗಸರ ಮೈ ಉಜ್ಜಿದವಳು. ಅವಳ ಒರಟು ಕೈಗವಸಿಗೆ ಸಿಕ್ಕದ ಮದುಮಗಳು ನಮ್ಮ ಪೇಟೆಯಲ್ಲಿ ಇರಲಿಲ್ಲ. ತಾನು ಮಾತ್ರ ಮದುವೆಯಾಗದೆ ತಾಯಿಯನ್ನು ನೋಡಿಕೊಂಡಳು. ತಾಯಿ ತೀರಿಕೊಂಡ ಮೇಲೆ ಅವಳ ತಮ್ಮ ಅಂಗಳವಿದ್ದ ಹಳೆಯ ಮನೆಯನ್ನು ಮಾರಿದ. ಇವಳ ಪಾಲಿಗೆ ಉಳಿದದ್ದು ಮೂರನೇ ಮಹಡಿಯ ಎರಡು ಕೋಣೆ, ಜೊತೆಗೆ ತಾಯಿ ಸಾಕಿದ್ದ ಅಂಬ್ರಾ. ಆಮೆ ಇದ್ದ ಮನೆಗೆ ಕೆಟ್ಟ ಕಣ್ಣು ತಾಗುವುದಿಲ್ಲ, ಅದಕ್ಕೆ ಕೈಯಾರೆ ಉಣಿಸಿದವರಿಗೆ ಒಳ್ಳೆಯದಾಗುತ್ತದೆ ಎಂದು ನಾವೆಲ್ಲ ನಂಬುತ್ತೇವೆ.

ಆ ನಂಬಿಕೆಯೇ ಅದಕ್ಕೆ ಮುಳುವಾಯಿತು. ಅಂಗಳದಲ್ಲಿದ್ದಾಗ ಕಳೆ ತಿಂದು ಬಿಸಿಲಲ್ಲಿ ಬಿದ್ದಿರುತ್ತಿದ್ದ ಪ್ರಾಣಿಗೆ ನಮ್ಮ ಕಟ್ಟಡದ ಹೆಂಗಸರೆಲ್ಲ ಹಾಲಲ್ಲಿ ನೆನೆಸಿದ ಬ್ರೆಡ್ಡು ಹೊತ್ತು ತಂದರು. ಪ್ರತಿ ಶುಕ್ರವಾರ ಗೋಧಿ ರವೆಯ ಕುಸ್ಕುಸ್ ಕೊಟ್ಟವಳು ನಾನೇ. ಈಗ ನೋಡಿದರೆ ಅದರ ಎರಡೂ ಕಣ್ಣು ಊದಿ ಮುಚ್ಚಿದ್ದವು. ಚಿಪ್ಪಿನ ಅಂಚು ಬೆರಳೊತ್ತಿದರೆ ಬಗ್ಗುತ್ತಿತ್ತು. ತಿನ್ನುವುದನ್ನೂ ಬಿಟ್ಟಿತ್ತು. ನನಗೆ ನಾಚಿಕೆಯಾಯಿತು.

ಪಶುವೈದ್ಯೆ ಯುಸ್ರ್ ಚಿಕ್ಕ ವಯಸ್ಸಿನವಳಾದರೂ ನಮ್ಮಿಬ್ಬರ ಬೆವರಿಳಿಸಿದಳು. ಹಾಲು, ಬ್ರೆಡ್ಡು, ಕುಸ್ಕುಸ್ ಎಲ್ಲ ಬಂದ್, ದಿನಾ ಉಗುರುಬೆಚ್ಚಗಿನ ನೀರಿನ ಸ್ನಾನ, ಕಣ್ಣಿಗೆ ಮದ್ದು, ರಾತ್ರಿ ಬೆಚ್ಚಗಿರಲು ದೀಪ.

"ಕಿಟಕಿ ಹತ್ರಾನೇ ಇಟ್ಟಿದ್ದೀನಲ್ಲಮ್ಮ, ಬಿಸಿಲು ಬೀಳುತ್ತೆ," ಅಂದಳು ಮನ್ನೂಬಿಯಾ.

"ಗಾಜಿನಿಂದ ಬರೋ ಬಿಸಿಲು ಬರೀ ಬೆಳಕು, ಚಿಕ್ಕಮ್ಮ. ಚಿಪ್ಪು ಗಟ್ಟಿ ಮಾಡೋ ಗುಣ ಗಾಜಲ್ಲೇ ಉಳಿದುಬಿಡುತ್ತೆ. ನೇರ ಬಿಸಿಲು ಬೇಕು."

ಅದೇ ವಾರ ಮನ್ನೂಬಿಯಾಳ ತಮ್ಮನ ಹೆಂಡತಿ ಫಾಯ್ಕಾ ಬಂದಳು. ಊರಾಚೆ ಹೊಸ ಮನೆ ಕಟ್ಟಿಸಿದ್ದರು. ಅತ್ತೆಯ ಆಮೆ ತನ್ನ ಅಂಗಳಕ್ಕೆ ಬೇಕೆಂದು ಅವಳಿಗೆ ಮೊದಲಿಂದಲೂ ಆಸೆ. ಆ ಅಂಗಳದಲ್ಲಿ ಕರುವಿನಷ್ಟು ದೊಡ್ಡ ನಾಯಿಯೂ ಇತ್ತು.

"ಮಹಡಿ ಮನೇಲಿ ಆಮೆ ಬದುಕುತ್ತಾ ಅತ್ತಿಗೆ? ನೀವೇ ಕೊಂದುಬಿಡ್ತೀರಿ. ಮೌಲಿದ್ ಹಬ್ಬಕ್ಕೆ ಬರ್ತೀನಿ. ಅಷ್ಟರಲ್ಲಿ ತಿನ್ನದೇ ಇದ್ರೆ ಕರ್ಕೊಂಡು ಹೋಗ್ತೀನಿ."

"ನಾಯಿ?"

"ಕಟ್ಟಿ ಹಾಕ್ತೀವಿ."

ಫಾಯ್ಕಾ ಹೋದ ಮೇಲೆ ಮನ್ನೂಬಿಯಾ ಆಮೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅಮ್ಮನದು ಅಂತ ಉಳಿದಿರೋದು ಇದೊಂದೇ ಎಂದಳು. ಪ್ರವಾದಿ ಹುಟ್ಟಿದ ದಿನದ ಆ ಹಬ್ಬಕ್ಕೆ ಐದು ವಾರವಿತ್ತು.

ಮರುದಿನದಿಂದ ಅವಳನ್ನು ಹಿಡಿಯುವವರಿಲ್ಲ. ನೇರ ಬಿಸಿಲೆಂದರೆ ಮಾಳಿಗೆ. ಮಾಳಿಗೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ ಬಟ್ಟೆ ಒಣಹಾಕುವ ಸರದಿ. ಬೇರೆಯವರ ದಿನ ಕಾಲಿಟ್ಟರೆ ಮಹಾಯುದ್ಧ. ಮನ್ನೂಬಿಯಾ ಪ್ರತಿ ಬಾಗಿಲು ತಟ್ಟಿದಳು. ಮಧ್ಯಾಹ್ನದ ಒಂದು ಗಂಟೆ ಬಿಸಿಲು ಕೊಟ್ಟರೆ ವಾರಕ್ಕೊಮ್ಮೆ ಹಮ್ಮಾಮಿಗೆ ಬಂದು ತಾನೇ ಮೈ ಉಜ್ಜಿಕೊಡುವುದಾಗಿ ಹೇಳಿದಳು. ಅರವತ್ತೇಳರ ಹೆಂಗಸು, ಬಿಟ್ಟಿದ್ದ ಕೆಲಸಕ್ಕೆ ಮತ್ತೆ ಸೊಂಟ ಬಗ್ಗಿಸಿದಳು. ಯಾರೂ ಬೇಡವೆನ್ನಲಿಲ್ಲ. ನಾನೂ ಉಜ್ಜಿಸಿಕೊಂಡೆ, ಸುಳ್ಳೇಕೆ ಹೇಳಲಿ.

ಹರಕು ಬುಟ್ಟಿಯಲ್ಲಿ ಅಂಬ್ರಾಳನ್ನು ಹೊತ್ತು ದಿನಾ ಮೇಲೇರುವಳು. ಸ್ನಾನದ ನೀರಿಗೆ ಮೊಣಕೈ ಅದ್ದಿ ಹದ ನೋಡುವಳು. ಅದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾಲು ಜಾರದಂತೆ ನೆಲಕ್ಕೆ ಹುಲ್ಲುಚಾಪೆ ಹಾಸಿದಳು. ಕೊಕ್ಕು ಉಜ್ಜಲು, ಚಿಪ್ಪಿಗೆ ಬಲ ಬರಲು ಮೀನುಪೇಟೆಯಿಂದ ಕಟ್ಲ್‌ ಮೀನಿನ ಬಿಳಿ ಬೆನ್ನೆಲುಬು ತಂದಿಟ್ಟಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇವಳಿಗೆ ತಾಯಿಯ ಗೋರಿಯ ಸುತ್ತ ಬೆಳೆದ ಕಳೆಯೇ ಮದ್ದಾಯಿತು. ಗೋರಿ ಚೊಕ್ಕಟವೂ ಆಯಿತು, ಸೊಪ್ಪೂ ಸಿಕ್ಕಿತು.

ಮೂರನೇ ವಾರ ಕಣ್ಣು ಬಿಟ್ಟಿತು. ಆದರೆ ತಿನ್ನಲಿಲ್ಲ. ಸೊಪ್ಪು ಮೂಸಿ ಮುಖ ತಿರುಗಿಸುತ್ತಿತ್ತು. ಹಬ್ಬದ ಹಿಂದಿನ ದಿನವೂ ಅಷ್ಟೇ.

ಮೌಲಿದ್ ದಿನ ಫಾಯ್ಕಾ ಒಂದು ಕೈಯಲ್ಲಿ ಹಬ್ಬದ ಪಾಯಸದ ಬಟ್ಟಲು, ಇನ್ನೊಂದರಲ್ಲಿ ಮೆತ್ತೆ ಹಾಸಿದ ಹೊಚ್ಚ ಹೊಸ ಬುಟ್ಟಿ ಹಿಡಿದು ಬಂದಳು. ನಾವೆಲ್ಲ ಅಲ್ಲೇ ಇದ್ದೆವು. ಮಾಳಿಗೆಯ ಬಿಸಿಲಿನಿಂದ ಆಗಷ್ಟೇ ಇಳಿದಿದ್ದ ಅಂಬ್ರಾ ಚಾಪೆಯ ಮೇಲಿತ್ತು. ಫಾಯ್ಕಾ ಬಗ್ಗಿ ಪಾಯಸದ ಚಮಚ ಚಾಚಿದಳು. ಮನ್ನೂಬಿಯಾ ಅವಳ ಮಣಿಕಟ್ಟು ಹಿಡಿದಳು. ಮೂವತ್ತೆಂಟು ವರ್ಷ ಮೈ ಉಜ್ಜಿದ ಕೈ. ಚಮಚ ಅಲ್ಲೇ ನಿಂತಿತು.

"ಅದಕ್ಕೆ ಬೇಡ. ನೀನು ತಿನ್ನು," ಅಂದಳು.

ಚಾಪೆಯ ಆಚೆ ತುದಿಗೆ ಗೋರಿಯ ಸೊಪ್ಪು ಇಟ್ಟಳು. ಅಂಬ್ರಾ ಕತ್ತು ಚಾಚಿತು. ಚಾಪೆಯನ್ನು ಉಗುರಿಂದ ಕಚ್ಚಿ ಹಿಡಿಯುತ್ತ, ಜಾರದೆ ನಡೆಯಿತು. ಸೊಪ್ಪಿನ ಮುಂದೆ ನಿಂತಿತು. ಬಾಯಿ ತೆರೆದು ಎಲೆ ಹರಿಯಿತು, ಇನ್ನೊಂದು, ಮತ್ತೊಂದು, ದಂಟನ್ನೂ ಬಿಡಲಿಲ್ಲ. ನಾನು ಮಗುವಿನ ಹಾಗೆ ಅತ್ತುಬಿಟ್ಟೆ.

ಫಾಯ್ಕಾ ತನ್ನ ಬುಟ್ಟಿ ಎತ್ತಿಕೊಂಡಳು.

"ಬುಟ್ಟಿ ಇಲ್ಲೇ ಇಟ್ಟುಹೋಗು," ಅಂದಳು ಮನ್ನೂಬಿಯಾ, "ಮಾಳಿಗೆಗೆ ಒಯ್ಯೋಕೆ ನನ್ನದು ಹರಿದುಹೋಗಿದೆ."

ಫಾಯ್ಕಾ ಇಟ್ಟುಹೋದಳು.