ಮಗ್ಗದ ಶೆಡ್ಡಿನಲ್ಲಿ ಕಲಿತ ಸ್ಲ್ಯಾಪ್

ಕೊರೋನಾ ಕಾಟ ಮುಗಿದು ಮದುವೆ, ಆರತಕ್ಷತೆಗಳು ಮೊದಲಿನ ಹಾಗೆ ಭರ್ಜರಿಯಾಗಿ ಶುರುವಾದ ವರ್ಷ. ದೊಡ್ಡಬಳ್ಳಾಪುರದ ಒಂದು ಆರ್ಕೆಸ್ಟ್ರಾದಲ್ಲಿ ನಾನು ಬೇಸ್ ಗಿಟಾರ್ ವಾದಕನಾಗಿದ್ದೆ. ಆ ಹೊತ್ತಿಗೆ ಇಪ್ಪತ್ತೈದು ವರ್ಷದ ಅನುಭವವಿತ್ತು. ಬೇಸ್ ಗಿಟಾರ್ ಎಂದರೆ ನಾಲ್ಕು ದಪ್ಪ ತಂತಿಗಳ ವಾದ್ಯ. ಹಾಡಿನ ಅಡಿಯಲ್ಲಿ ಗುಂ ಗುಂ ಎಂದು ಓಡುತ್ತಿರುತ್ತದಲ್ಲ, ಅದೇ. ಇದ್ದಾಗ ಯಾರೂ ಗಮನಿಸುವುದಿಲ್ಲ, ನಿಂತಾಗ ಮಾತ್ರ ಹಾಡು ಯಾಕೋ ಸಪ್ಪೆಯಾಯಿತು ಎನ್ನುತ್ತಾರೆ. ನಮ್ಮ ತಂಡದ ಯಾವ ಫೋಟೋ ತೆಗೆದು ನೋಡಿದರೂ ನನ್ನ ಅರ್ಧ ಮುಖ ಸ್ಪೀಕರ್ ಹಿಂದೆಯೇ ಇರುತ್ತದೆ.

ತಂಡದ ಯಜಮಾನ ಮುನಿರಾಜು ನನ್ನ ಜೊತೆ ಶಾಲೆಗೆ ಹೋದವನು, ಕೀಬೋರ್ಡ್ ನುಡಿಸುತ್ತಾನೆ. ಆ ಸಲ ನೆಲಮಂಗಲದಲ್ಲಿ ಗಣೇಶೋತ್ಸವದ ಕಾರ್ಯಕ್ರಮ ಸಿಕ್ಕಿತ್ತು. ಹೊಸದಾಗಿ ಸೇರಿದ್ದ ಗಾಯಕಿ ಸ್ಫೂರ್ತಿ ಅಂದಿಗೆಂದು ಹೊಸ ಧಾಟಿಯ ಒಂದು ಹಾಡು ಆರಿಸಿಕೊಂಡಿದ್ದಳು. ಅದರ ಜೀವವೆಲ್ಲ ಸ್ಲ್ಯಾಪ್‌ನಲ್ಲಿತ್ತು. ಹೆಬ್ಬೆರಳಿನ ಗೆಣ್ಣಿನಿಂದ ದಪ್ಪ ತಂತಿಗೆ ಹೊಡೆದು, ಮರುಕ್ಷಣವೇ ತೋರುಬೆರಳಿನಿಂದ ತೆಳು ತಂತಿಯನ್ನು ಎಳೆದು ಬಿಡುವ ವಿದ್ಯೆಗೆ ಸ್ಲ್ಯಾಪ್ ಎನ್ನುತ್ತಾರೆ. ನಾನು ಜನ್ಮದಲ್ಲಿ ಅದರ ತಂಟೆಗೆ ಹೋದವನಲ್ಲ.

ಅಭ್ಯಾಸ ಮುಗಿದ ಮೇಲೆ ಮುನಿರಾಜು ನನ್ನನ್ನು ಪಕ್ಕಕ್ಕೆ ಕರೆದ. "ನೋಡು ಗುರು, ಈ ಹಾಡಿಗೆ ಸ್ಲ್ಯಾಪ್ ಬೇಕೇ ಬೇಕು. ಕಲೀತೀಯಾ ಅಂದ್ರೆ ಸಂತೋಷ. ಆಗಲ್ಲ ಅಂದ್ರೆ ಬೇಸ್‌ನ ಕೀಬೋರ್ಡಲ್ಲೇ ಎಡಗೈಲಿ ಹಾಕ್ಕೋತೀನಿ. ಬೇಜಾರು ಮಾಡ್ಕೋಬೇಡ ಕಣೋ."

ಬೇಜಾರಾಗದೆ ಇರುತ್ತದೆಯೇ? ಎಷ್ಟೋ ತಂಡಗಳಲ್ಲಿ ಆಗಲೇ ಬೇಸ್ ವಾದಕರು ಹೀಗೆ ಮನೆ ಸೇರಿದ್ದರು. ಇವತ್ತು ಒಂದು ಹಾಡು ಕೀಬೋರ್ಡಿಗೆ ಹೋದರೆ ನಾಳೆ ಉಳಿದವೂ ಹೋಗುತ್ತವೆ ಎಂದು ನನಗೆ ಗೊತ್ತಿತ್ತು.

ಮನೆಯಲ್ಲಿ ಮೊಬೈಲ್ ಮುಂದಿಟ್ಟುಕೊಂಡು ಕಲಿಯಲು ಕುಳಿತೆ. ವಿಡಿಯೋದ ಹುಡುಗನ ಕೈಯಲ್ಲಿ ಚಟಪಟ ಎನ್ನುತ್ತಿದ್ದದ್ದು ನನ್ನ ಕೈಯಲ್ಲಿ ಬಾಣಲೆ ಉಜ್ಜಿದ ಹಾಗೆ ಕೇಳಿಸುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ತಂತಿ ಹಳೆಯದು, ಬೆರಳು ದಪ್ಪ ಎಂದು ನೆಪ ಹುಡುಕಿದೆ. ಒಂದು ಸಂಜೆ ಪಕ್ಕದ ಮನೆಯ ಪುಟ್ಟಸ್ವಾಮಪ್ಪನವರು ಕಿಟಕಿಯಲ್ಲಿ ಇಣುಕಿ, "ಏನಪ್ಪಾ ನಾಗರಾಜು, ಗಿಟಾರು ರಿಪೇರಿಗೆ ಬಂದೈತಾ?" ಎಂದರು. ಪಾಪ, ಅವರು ನಿಜವಾಗಿಯೂ ಕನಿಕರದಿಂದಲೇ ಕೇಳಿದ್ದು. ನಾನು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದವನು ಕೆಲವು ದಿನ ಮುಟ್ಟಲೇ ಇಲ್ಲ. ಊರಿನವರೆಲ್ಲ ವೇದಿಕೆಯ ಮೇಲೆ ನೋಡಿದ ಮನುಷ್ಯ ಹೀಗೆ ಹೊಸದಾಗಿ ಕಲಿಯುವವನಂತೆ ತಪ್ಪು ಮಾಡುವುದನ್ನು ನಾಲ್ಕು ಜನ ಕೇಳಿಸಿಕೊಳ್ಳುತ್ತಾರಲ್ಲ ಎಂಬ ನಾಚಿಕೆ.

ನನ್ನ ಹೆಂಡತಿ ಸರೋಜ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್, ಅಂದರೆ ಕರೆಂಟಿನಲ್ಲಿ ಓಡುವ ಸೀರೆ ಮಗ್ಗ, ನಡೆಸುತ್ತಾಳೆ. ನಾನು ಮುಖ ಸಿಂಡರಿಸಿಕೊಂಡು ಓಡಾಡುವುದನ್ನು ನೋಡಿ ನೋಡಿ ಸಾಕಾಗಿ, "ರೀ, ಆ ಗಿಟಾರ್ ತಗೊಂಡು ಶೆಡ್ಡಿಗೆ ಬನ್ನಿ. ಅಲ್ಲಿ ದೇವರೇ ಬಂದು ಕೂಗಿದ್ರೂ ಯಾರಿಗೂ ಕೇಳಲ್ಲ," ಎಂದಳು.

ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಏನು ಸದ್ದು ಎಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಒಳಗಿರುವವರು ಕೈಸನ್ನೆಯಲ್ಲೇ ಮಾತಾಡುತ್ತಾರೆ. ನೂಲಿನ ಚೀಲಗಳ ಪಕ್ಕ ಆಂಪ್ಲಿಫೈಯರ್ ಇಟ್ಟು ತಂತಿಗೆ ಹೊಡೆದೆ. ತಪ್ಪಾಯಿತು. ಯಾರೂ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಹೊಡೆದೆ, ಮತ್ತೆ ತಪ್ಪಾಯಿತು. ನೂಲು ಹೊತ್ತ ಲಾಳಿ ಅದರ ಪಾಡಿಗೆ ಅತ್ತಿತ್ತ ಓಡಾಡುತ್ತಿತ್ತು. ಎಷ್ಟು ಹಾಯಾಯಿತೆಂದರೆ ನಾನೊಬ್ಬನೇ ನಗಲು ಶುರುಮಾಡಿದೆ. ಮನಸಾರೆ ತಪ್ಪು ನುಡಿಸಿದೆ. ಮಾರನೆಯ ದಿನ ಕಾಫಿ ಕುಡಿಯುವ ಮೊದಲೇ ಶೆಡ್ಡಿಗೆ ಹೋಗಿದ್ದೆ. ಹಾಡ್ತಾ ಹಾಡ್ತಾ ರಾಗ ಎನ್ನುವ ಮಾತು ಸುಳ್ಳಲ್ಲ, ಬರಬರುತ್ತಾ ಹೆಬ್ಬೆರಳು ಪಳಗಿ ಮಗ್ಗದ ಒಂದೊಂದು ಬಡಿತಕ್ಕೂ ನನ್ನದೊಂದು ಹೊಡೆತ ಸರಿಯಾಗಿ ಕೂರತೊಡಗಿತು.

ಎದೆಯುಬ್ಬಿಸಿಕೊಂಡು ತಂಡದ ಅಭ್ಯಾಸಕ್ಕೆ ಹೋದೆ. ಸ್ಲ್ಯಾಪ್ ಅದ್ಭುತವಾಗಿ ಬಂತು. ಆದರೆ ಪಲ್ಲವಿ ಮುಗಿಯುವಷ್ಟರಲ್ಲಿ ಸ್ಫೂರ್ತಿ ಮೈಕ್ ಕೆಳಗಿಟ್ಟು, "ಅಂಕಲ್, ಉಸಿರು ತಗೊಳ್ಳೋಕಾದ್ರೂ ಬಿಡಿ!" ಎಂದು ಏದುಸಿರು ಬಿಟ್ಟಳು. ನಾನು ಕಲಿತದ್ದೇನೋ ಸರಿ, ಕಲಿತದ್ದು ಮಗ್ಗದ ವೇಗದಲ್ಲಿ. ಕೈ ಬೇರೆ ನಡೆಯನ್ನೇ ಒಪ್ಪುತ್ತಿರಲಿಲ್ಲ. ಡ್ರಮ್ಸ್‌ನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮುನಿರಾಜು ನಗಲಿಲ್ಲ. "ಲೇ ನಾಗ, ಸೀರೆ ನೇಯೋಕೆ ಬಂದಿದೀಯೇನೋ? ಮುಂದಿನ ಭಾನುವಾರ ಕೊನೇ ಸಲ ನೋಡ್ತೀನಿ," ಎಂದ.

ಮೊದಲಾಗಿದ್ದರೆ ಗಿಟಾರ್ ಮತ್ತೆ ಚೀಲ ಸೇರುತ್ತಿತ್ತು. ಈಗ ಹಾಗಾಗಲಿಲ್ಲ, ಕೈಗೆ ರುಚಿ ಹತ್ತಿತ್ತು. ಸ್ಫೂರ್ತಿ ಹಾಡಿ ಮೊಬೈಲಿಗೆ ಕಳಿಸಿದ್ದನ್ನು ಶೆಡ್ಡಿನ ಹೊರಗೆ ನಿಂತು ಕೇಳುವುದು, ಅದರ ನಡೆಯನ್ನು ಕಾಲಿನಲ್ಲಿ ಹಿಡಿದುಕೊಳ್ಳುವುದು, ಆಮೇಲೆ ಹಾಗೇ ತಾಳ ಹಾಕುತ್ತಾ ಮಗ್ಗಗಳ ನಡುವೆ ಹೋಗಿ ನುಡಿಸುವುದು. ಮಗ್ಗ ತನ್ನ ಕಡೆಗೆ ಎಳೆಯುತ್ತಿತ್ತು, ನಾನು ಜಗ್ಗದೆ ನಿಲ್ಲಬೇಕು. ಸೋತರೆ ಮತ್ತೆ ಹೊರಗೆ ಬಂದು ಮೊದಲಿನಿಂದ. ಇಷ್ಟು ಮಜವಾದ ಜಗಳವನ್ನು ನಾನು ಯಾರ ಜೊತೆಗೂ ಆಡಿರಲಿಲ್ಲ.

ಶನಿವಾರ ಮಧ್ಯಾಹ್ನ ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದಾಗ ಕರೆಂಟ್ ಹೋಯಿತು. ಮಗ್ಗಗಳು ನಿಂತವು, ಆಂಪ್ಲಿಫೈಯರೂ ಸತ್ತಿತು. ನನ್ನ ಕೈ ಮಾತ್ರ ನಿಲ್ಲಲಿಲ್ಲ. ಬರಿಯ ತಂತಿಯ ಚಟ್ ಚಟ್ ಶಬ್ದ ಆ ನಿಶ್ಶಬ್ದದಲ್ಲಿ, ಹಾಡಿನ ನಡೆಯಲ್ಲೇ, ಒಂದಿಷ್ಟೂ ಓಡದೆ ಸಾಗುತ್ತಿತ್ತು. ಕಣ್ಣು ಬಿಟ್ಟರೆ ಸರೋಜ, ಪಕ್ಕದ ಮಗ್ಗದ ರತ್ನಮ್ಮ ಇಬ್ಬರೂ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾರೆ.

"ಅಯ್ಯೋ ಅಣ್ಣಾ, ಇಷ್ಟು ದಿನ ಇದನ್ನಾ ಬಾರಿಸ್ತಿದ್ದಿದ್ದು? ನಮಗೆ ಕೇಳ್ಲೇ ಇಲ್ವಲ್ಲ!" ಎಂದಳು ರತ್ನಮ್ಮ.

"ನಿಲ್ಲಿಸ್ಬೇಡಿ ರೀ, ಕರೆಂಟ್ ಬರೋವರ್ಗೂ ಬಾರ್ಸಿ," ಎಂದು ಸರೋಜ ನೂಲಿನ ಚೀಲದ ಮೇಲೆ ಕುಳಿತಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಕುಳಿತು ನನ್ನ ವಾದ್ಯ ಕೇಳಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಭಾನುವಾರದ ಅಭ್ಯಾಸದ ಬಗ್ಗೆ ಇದ್ದ ಹೆದರಿಕೆ ಅಲ್ಲೇ ಹೋಯಿತು.

ಭಾನುವಾರ ಮುನಿರಾಜು ಹಾಡು ಪೂರ್ತಿ ಕೇಳಿ, ಒಳ್ಳೆಯದು ಕೆಟ್ಟದ್ದು ಏನೂ ಹೇಳದೆ ಎಲ್ಲರಿಗೂ ಚಹಾ ತರಿಸಿದ. ಅವನ ಬುದ್ಧಿಯೇ ಹಾಗೆ. ನೆಲಮಂಗಲದ ವೇದಿಕೆಯಲ್ಲಿ ಆ ಹಾಡು ಶುರುವಾದಾಗಲೂ ನನಗೆ ಒಳಗೊಳಗೇ ಅನುಮಾನ, ನಡುವೆ ಎಲ್ಲಾದರೂ ಕೀಬೋರ್ಡಿನಲ್ಲಿ ಬೇಸ್ ಹಾಕಿಬಿಡುತ್ತಾನೇನೋ ಎಂದು. ಸ್ಲ್ಯಾಪ್ ಬರುವ ಜಾಗ ಬಂತು. ಹೊಡೆದೆ. ಪೆಂಡಾಲಿನಲ್ಲಿ ಶಿಳ್ಳೆ ಎದ್ದಿತು. ತಿರುಗಿ ನೋಡಿದರೆ ಮುನಿರಾಜು ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಬಲಗೈ ಒಂದರಲ್ಲೇ ನುಡಿಸುತ್ತಾ ನನ್ನ ಕಡೆ ನೋಡಿ ಹಲ್ಲು ಕಿರಿಯುತ್ತಿದ್ದ. ಹಾಡು ಮುಗಿಯುವವರೆಗೂ ಆ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಒಂದಿಷ್ಟು ಹೆಸರು ಮಾಡಿದವನಿಗೆ ತಪ್ಪು ಮಾಡಲು ಊರಿನಲ್ಲಿ ಜಾಗ ಸಿಗುವುದಿಲ್ಲ. ಅಂಥದ್ದೊಂದು ಜಾಗ ಸಿಕ್ಕಿಬಿಟ್ಟರೆ ಕಲಿಯುವ ಹುಮ್ಮಸ್ಸು ತಾನಾಗಿಯೇ ಬರುತ್ತದೆ. ಈಗ ಎರಡೂ ಕೈಗಳ ಬೆರಳನ್ನು ತಂತಿಯ ಮೇಲೆ ಕುಟ್ಟಿ ನುಡಿಸುವ ಟ್ಯಾಪಿಂಗ್ ಹಿಡಿದಿದ್ದೇನೆ. ಸದ್ಯಕ್ಕೆ ಬಹಳ ಕೆಟ್ಟದಾಗಿ ಬರುತ್ತಿದೆ, ಬೆಳಗಾದರೆ ಸಾಕು ಶೆಡ್ಡಿಗೆ ಓಡುತ್ತೇನೆ.